ಬೇಯುವ ಮೊದಲೇ ತೆಗೆದ ಟಯರು

ವಲ್ಕನೈಸ್ ಮಾಡುವುದೆಂದರೆ ರಬ್ಬರನ್ನು ಬೇಯಿಸುವುದು. ಅಂಟಿಸುವುದಲ್ಲ. ಟಯರಿನ ಕೆಲಸಕ್ಕೆ ಹೊಸದಾಗಿ ಸೇರುವವರು ಇಷ್ಟನ್ನು ಮೊದಲು ತಲೆಯಲ್ಲಿ ಇಟ್ಟುಕೊಂಡು ಮುಂದೆ ಓದಿ.

ನೆಲ್ಯಾಡಿಯಲ್ಲಿ ಹೆದ್ದಾರಿ ಬದಿಯ ಒಂದು ರೀಸೋಲ್ ಶೆಡ್ಡಿನಲ್ಲಿ ನಾನು ಮೂವತ್ತೊಂದು ವರ್ಷ ದುಡಿದೆ. ಸವೆದ ಟಯರಿಗೆ ಹೊಸ ರಬ್ಬರಿನ ಪಟ್ಟಿ ಸುತ್ತಿ, ಕಬ್ಬಿಣದ ಅಚ್ಚಿನಲ್ಲಿಟ್ಟು, ಹಬೆಯಲ್ಲಿ ಬೇಯಿಸಿ, ಪುನಃ ರಸ್ತೆಗೆ ಕಳಿಸುವುದು ನಮ್ಮ ಕೆಲಸ. ನಾನು ಓದಿದ್ದು ನಾಲ್ಕನೇ ಕ್ಲಾಸು. ಇದರಲ್ಲಿದ್ದ ಕಾಗುಣಿತದ ತಪ್ಪುಗಳನ್ನು ಮೊಮ್ಮಗಳು ಶ್ರುತಿ ತಿದ್ದಿದ್ದಾಳೆ. ಕೆಲಸದ ತಪ್ಪನ್ನು ತಿದ್ದಲು ಅವಳಿಂದ ಆಗುವುದಿಲ್ಲ.

ಆ ತಪ್ಪು ಇದು. ಒಂದು ಜೀಪಿನ ಟಯರನ್ನು ನಾನು ಬೇಯುವ ಮೊದಲೇ ಅಚ್ಚಿನಿಂದ ತೆಗೆದೆ. ಒಬ್ಬನ ಕಾಲು ಹೋಯಿತು. ಇನ್ನೊಬ್ಬರ ಹೆಸರು ಹೋಯಿತು. ನನ್ನದು ಏನೂ ಹೋಗಲಿಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದೆ. ಉಳಿದ ಸಂಗತಿಗಳೂ ಇದರಲ್ಲಿ ಬರುತ್ತವೆ. ಆದರೆ ಪೆನ್ನು ಹಿಡಿದದ್ದು ಇದನ್ನು ಹೇಳಲಿಕ್ಕೆ.

ಶ್ರುತಿ ಪುತ್ತೂರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುತ್ತಾಳೆ. ಹೋದ ವರ್ಷ ಅವಳ ಪುಸ್ತಕದಲ್ಲಿ ವಲ್ಕನೈಸ್ ಎಂಬ ಪದ ಬಂತು. "ಅಜ್ಜಿ, ನೀವು ಮಾಡಿದ್ದು ಇದೇ ಅಲ್ವಾ?" ಎಂದು ಓದಿ ಹೇಳಿದಳು. ರಬ್ಬರಿನಲ್ಲಿ ಉದ್ದುದ್ದ ಎಳೆಗಳಿರುತ್ತವಂತೆ, ಒಂದಕ್ಕೊಂದು ಸಂಬಂಧವಿಲ್ಲದೆ ಜಾರಾಡುತ್ತವಂತೆ. ಗಂಧಕ ಸೇರಿಸಿ ಬಿಸಿ ಮಾಡಿದರೆ ಗಂಧಕವು ಎಳೆ ಎಳೆಯನ್ನು ಅಲ್ಲಲ್ಲಿ ಹಿಡಿದು ಕಟ್ಟುತ್ತದಂತೆ. ಬಿಡಿ ನೂಲಿಗೆ ಗಂಟು ಹಾಕಿ ಬಲೆ ಮಾಡಿದ ಹಾಗೆ ಎಂದು ನಾನು ಅರ್ಥ ಮಾಡಿಕೊಂಡೆ. ಬಲೆಯನ್ನು ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಮೊದಲಿನ ರೂಪಕ್ಕೆ ಬರುತ್ತದೆ. ಬಿಡಿ ನೂಲು ಎಳೆದರೆ ಎಳೆದಲ್ಲೇ ಉಳಿಯುತ್ತದೆ.

"ಪುಸ್ತಕ ಸರಿ ಹೇಳ್ತದೆ," ಎಂದೆ. "ಯಾವಾಗ ತೆಗೆಯುದು ಅಂತ ಬರೆದಿದ್ದಾರಾ?"

"ಅದು ಪರೀಕ್ಷೆಗೆ ಬರುದಿಲ್ಲ ಅಜ್ಜಿ."

ಕೆಲಸಕ್ಕೆ ಬರುವುದು ಅದೊಂದೇ.

ಈ ಪದ ನಮ್ಮ ಕಡೆ ಎಲ್ಲ ಬೋರ್ಡುಗಳಲ್ಲೂ ಉಂಟು, ಅರ್ಥ ಮಾತ್ರ ಇಲ್ಲ. ಮೊನ್ನೆ ಕಡಬದಲ್ಲಿ ಶ್ರುತಿಯ ಸ್ಕೂಟರು ಪಂಚರ್ ಆಯಿತು. ಅಂಗಡಿಯವನು ತುಂಡೊಂದಕ್ಕೆ ಸೊಲ್ಯೂಷನ್ ಹಚ್ಚಿ ಟ್ಯೂಬಿಗೆ ಒತ್ತಿ, ಸುತ್ತಿಗೆಯಲ್ಲಿ ಎರಡು ಬಡಿದು ಮುಗಿಸಿದ.

"ಬೋರ್ಡಿನಲ್ಲಿ ವಲ್ಕನೈಸಿಂಗ್ ಅಂತ ಉಂಟಲ್ಲ, ಒಲೆ ಎಲ್ಲಿ?" ಎಂದು ಕೇಳಿದೆ.

"ಒಲೆ ಹೋಟ್ಲಲ್ಲಿ ಇರ್ತದೆ ಅಜ್ಜಿ. ಇಲ್ಲಿ ಪಂಚರ್ ಮಾತ್ರ."

"ಮತ್ತೆ ಬೋರ್ಡು ಯಾಕೆ?"

"ಪೈಂಟರ್ ಬರೆದದ್ದು ಮಾರಾಯ್ರೆ. ಎಲ್ಲರದ್ದೂ ಹಾಗೇ ಬರೆಯುದಲ್ವಾ?"

ಅವನ ಮೇಲೆ ನನಗೆ ಸಿಟ್ಟಿಲ್ಲ. ಅಂಟಿಸಿದ್ದನ್ನು ಅಂಟಿಸಿದ್ದು ಎಂದು ಹೇಳಿ ಅಂತ ಮಾತ್ರ ನನ್ನ ಹಟ. ಕಚ್ಚಾ ರಬ್ಬರ್ ಇಟ್ಟು, ಕ್ಲಾಂಪ್ ಬಿಗಿದು, ಬಿಸಿ ಕೊಟ್ಟು, ಎರಡೂ ಒಂದೇ ಮೈ ಆಗುವಷ್ಟು ಹೊತ್ತು ಕಾದರೆ ಆಗ ವಲ್ಕನೈಸ್ ಮಾಡಿದೆ ಎನ್ನಿ. ಕಾಯದೆ ತೆಗೆದವರು ಆ ಮಾತು ಹೇಳಬಾರದು. ಕಾಯದೆ ತೆಗೆದು, ಹೇಳಿ, ಚಾಕ್‌ನಲ್ಲಿ ಟಯರಿನ ಮೇಲೆ 'ಓಕೆ' ಎಂದು ಬರೆದವಳೂ ನಾನೇ.

ಶೆಡ್ಡಿನ ಧಣಿ ಅದ್ರಾಮ ಹಾಜಿಯವರು. ಗಟ್ಟಿ ಸ್ವರ. ಬೈಯುವಾಗ ಬ್ಯಾರಿ ಭಾಷೆ, ಸಮಾಧಾನ ಮಾಡುವಾಗ ತುಳು, ಗಿರಾಕಿಯ ಹತ್ತಿರ ಕನ್ನಡ. ಗಂಡ ಹೋದ ಮೇಲೆ ಎರಡು ಮಕ್ಕಳನ್ನು ಕಟ್ಟಿಕೊಂಡು ಕೆಲಸ ಕೇಳಲು ಹೋದಾಗ ಅವರು ನನ್ನ ಮುಖ ನೋಡದೆ ಕೈ ನೋಡಿದರು. "ಸೌದೆ ಒಡೀಲಿಕ್ಕೆ ಬರ್ತದಾ?" ಎಂದು ಕೇಳಿದರು. ಬರುತ್ತದೆ ಎಂದೆ. ಆ ದಿನದಿಂದಲೇ ಬಾಯ್ಲರಿನ ಒಲೆಗೆ ರಬ್ಬರ್ ಮರದ ಸೌದೆ ತುಂಬುವುದು ನನ್ನ ಪಾಲಿಗೆ ಬಂತು.

ಅಚ್ಚಿನ ಮೇಸ್ತ್ರಿ ಕುರಿಯಾಕೋಸ್. ಅವರ ಅಪ್ಪನ ಕಾಲದಲ್ಲಿ ಕೇರಳದಿಂದ ಬಂದು ನೆಲ್ಯಾಡಿಯಲ್ಲಿ ನಿಂತ ಕುಟುಂಬ. ನಾವೆಲ್ಲ ಅವರನ್ನು ಚೇಟ ಎನ್ನುತ್ತಿದ್ದೆವು, ಅಂದರೆ ಅಣ್ಣ. ಅವರು ನನ್ನನ್ನು ಮೋಳೆ ಎನ್ನುತ್ತಿದ್ದರು, ಮಗಳೇ ಎಂದ ಹಾಗೆ. ಹಿಂದೊಮ್ಮೆ ಅಚ್ಚಿನ ಮುಚ್ಚಳ ಬಿದ್ದು ಅವರ ಬಲ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಹೊಸ ಉಗುರು ಬಂದರೂ ಸೀಳು ಹೋಗಲಿಲ್ಲ. ಆ ಉಗುರೇ ಅವರ ಯಂತ್ರ. ಅಚ್ಚು ತೆರೆದ ಕೂಡಲೇ ಬಿಸಿ ಟಯರಿನ ಭುಜಕ್ಕೆ, ಎಂದರೆ ರಬ್ಬರು ದಪ್ಪ ಇರುವ ಅಂಚಿಗೆ, ಮೂರು ಕಡೆ ಉಗುರು ಒತ್ತುತ್ತಿದ್ದರು. ಗುರುತು ಮಾಯವಾದರೆ ಬೆಂದಿದೆ. ಗುರುತು ನಿಂತರೆ ಇನ್ನೂ ಹಸಿ, ಪುನಃ ಅಚ್ಚಿಗೆ.

"ಹಸಿಯಾದ್ರೆ ನಾಚಿಕೆ ಎಂತದು? ಪುನಃ ಹಾಕ್ಬಹುದು. ಸೀದ್ರೆ ಮಾತ್ರ ಮುಗೀತು, ಕೇಟ್ಟೋ," ಎನ್ನುತ್ತಿದ್ದರು, ಕೇಳಿತಾ ಎಂದ ಹಾಗೆ.

ಅವರು ನನಗೆ ಕಲಿಸಿದರು. ಹೆಂಗಸಿಗೆ ಯಾಕೆ ಇದೆಲ್ಲ ಎಂದು ಸವೆದ ಟಯರು ಉಜ್ಜುವ ಕೆಲಸದವರು ಗೊಣಗಿದಾಗ, "ಹಬೆಯಲ್ಲಿ ಪತ್ರೊಡೆ ಬೇಯಿಸುದು ಯಾರು, ನೀನಾ ನಿನ್ನ ಹೆಂಡ್ತಿಯಾ? ಇದೂ ಅದೇ," ಎಂದು ಬಾಯಿ ಮುಚ್ಚಿಸಿದರು.

ನನ್ನ ಮೊದಲ ದೊಡ್ಡ ಪೆದ್ದುತನ ಪಟ್ಟಿಯ ವಿಷಯದಲ್ಲಿ. ಶೆಡ್ಡಿನ ಹಿಂದಿನ ಮೂಲೆಯಲ್ಲಿ ಕಚ್ಚಾ ರಬ್ಬರಿನ ಹಳೆಯ ಸುರುಳಿಯೊಂದು ಬಿದ್ದಿತ್ತು. ದಂಡವಾಗುವುದು ಬೇಡ ಎಂದು ನಾನು ಅದನ್ನೇ ಒಂದು ಲಾರಿ ಟಯರಿಗೆ ಸುತ್ತಿದೆ. ಅಚ್ಚು ತೆರೆದರೆ ಪಟ್ಟಿ ಅಚ್ಚಿನ ಗೆರೆಗಳಿಗೆ ಇಳಿಯಲೇ ಇಲ್ಲ, ಬಕ್ಕತಲೆಯ ಹಾಗೆ ಬೋಳಾಗಿ ಕೂತಿತ್ತು. ಹಾಜಿಯವರು ಮೂರು ಭಾಷೆಯಲ್ಲೂ ಬೈದರು. ಚೇಟ ಆ ಸುರುಳಿಯನ್ನು ನನ್ನ ಕೈಗೆ ಕೊಟ್ಟು ಉಗುರು ಒತ್ತು ಎಂದರು. ಗುರುತೇ ಬೀಳಲಿಲ್ಲ.

"ಗಂಧಕ ಒಳಗೇ ಉಂಟಲ್ಲ ಮೋಳೆ. ಒಲೆ ಇಲ್ಲದಿದ್ರೂ ವರ್ಷಗಟ್ಟಲೆ ಇಟ್ರೆ ಇಟ್ಟಲ್ಲೇ ಬೇಯ್ತದೆ. ಅದು ನಿನಗೆ ಕಾಯುದಿಲ್ಲ."

ಹೊಸಬರು ಇದನ್ನು ನೆನಪಿಡಿ. ಸುರುಳಿ ಬಂದ ದಿನವನ್ನು ಅದರ ಮೇಲೇ ಬರೆದಿಡಿ. ಹಳೆಯದನ್ನು ಮೊದಲು ಮುಗಿಸಿ.

ನಾಲ್ಕೈದು ವರ್ಷದಲ್ಲಿ ನನಗೂ ಕೈ ಕುದುರಿತು. ಅಚ್ಚು ಮುಚ್ಚಿದಾಗ ಅದರ ತುಟಿಯಲ್ಲಿ ಹೆಚ್ಚಾದ ರಬ್ಬರು ಎಲೆಯಂತೆ ಹೊರಗೆ ಇಣುಕುತ್ತದೆ. ಅಚ್ಚು ತೆರೆಯುವ ಮೊದಲೇ ಆ ಎಲೆಗೆ ಉಗುರು ಒತ್ತಿ, "ಆಯ್ತು" ಎಂದು ಹೇಳಲು ಕಲಿತೆ. ನಾನು ಆಯ್ತು ಎಂದ ಹೊತ್ತಿಗೆ ಗಡಿಯಾರದಲ್ಲೂ ಒಂದೂವರೆ ಗಂಟೆ ಸರಿಯಾಗಿ ಆಗಿರುತ್ತಿತ್ತು. ಡ್ರೈವರುಗಳು ಇದನ್ನು ನೋಡಿ ಹೊಗಳಲು ತೊಡಗಿದರು. "ದೇವಕಿಯಕ್ಕನ ಉಗುರು ಇರುವಾಗ ಗಡಿಯಾರ ಎಂತಕೆ?" ಎನ್ನುತ್ತಿದ್ದರು. ಚೇಟ ಮಾತ್ರ ನಗುತ್ತಿರಲಿಲ್ಲ. "ಎಲೆ ತೆಳು, ಬೇಗ ಬೇಯ್ತದೆ. ಭುಜ ದಪ್ಪ. ಭುಜ ನೋಡು," ಎನ್ನುತ್ತಿದ್ದರು. ಪತ್ರೊಡೆಯ ಅಂಚು ಮುಟ್ಟಿ ನೋಡಿ ಒಲೆ ಆರಿಸುವ ಹೆಂಗಸು ನಮ್ಮ ಊರಲ್ಲಿ ಇಲ್ಲ, ನಡುವಿಗೆ ಕಡ್ಡಿ ಚುಚ್ಚುತ್ತಾರೆ. ಮನೆಯಲ್ಲಿ ನಾನೂ ಹಾಗೆಯೇ ಮಾಡುತ್ತಿದ್ದೆ. ಶೆಡ್ಡಿಗೆ ಬಂದರೆ ಆ ಬುದ್ಧಿ ಇರಲಿಲ್ಲ. ಅಲ್ಲಿ ಹೊಗಳುವವರಿದ್ದರು.

ಇನ್ನೊಂದು ಪದ್ಧತಿ ಹೇಳಬೇಕು. ನಮ್ಮ ಶೆಡ್ಡಿನ ಪ್ರತಿ ಟಯರಿನ ಬದಿಯಲ್ಲೂ 'ಕು' ಎಂಬ ಅಕ್ಷರ ಏಳುತ್ತಿತ್ತು. ತಗಡಿನಲ್ಲಿ ಕತ್ತರಿಸಿದ ಆ ಅಕ್ಷರವನ್ನು ಅಚ್ಚಿನೊಳಗೆ ಕೂರಿಸಿದ್ದರು. ಕುರಿಯಾಕೋಸರ ಕು. ಯಾರು ಬೇಯಿಸಿದರೂ ಅಕ್ಷರ ಅವರದ್ದೇ.

ಆ ದಿನ ಚೇಟ ಬಾಯ್ಲರಿನ ವಾಲ್ವ್ ತರಲು ಪುತ್ತೂರಿಗೆ ಹೋಗಿದ್ದರು. ಹೋಗುವ ಮೊದಲು, "ಪ್ರೆಷರ್ ಬಿದ್ರೆ ಲೆಕ್ಕ ಮೊದಲಿಂದ. ನೆನಪುಂಟಲ್ಲ?" ಎಂದರು. ಉಂಟು ಎಂದೆ. ಅಚ್ಚಿನಲ್ಲಿ ಸೇಸಪ್ಪನ ಜೀಪಿನ ಟಯರಿತ್ತು. ಸೇಸಪ್ಪ ಪಂಜದವನು, ಬೇರೆಯವರ ಬಾಡಿಗೆ ಜೀಪು ಓಡಿಸುತ್ತಿದ್ದ, ನನಗಿಂತ ಹತ್ತು ವರ್ಷ ಚಿಕ್ಕವನು. ಮಧ್ಯಾಹ್ನ ಅರಂತೋಡಿನಿಂದ ಮದುವೆ ದಿಬ್ಬಣ ಕರೆದುಕೊಂಡು ಹೋಗಲಿಕ್ಕಿತ್ತು.

ಸೌದೆ ಹಸಿ ಇತ್ತು. ಅರುವತ್ತು ಪೌಂಡಿನಲ್ಲಿದ್ದ ಪ್ರೆಷರಿನ ಮುಳ್ಳು ನಡುವಿನಲ್ಲಿ ಮೂವತ್ತಕ್ಕೆ ಇಳಿಯಿತು. ಒಲೆ ಊದಿ, ಕೆದಕಿ, ಒಣ ಸೌದೆ ಹುಡುಕಿ ಪುನಃ ಮೇಲೆ ತರುವಾಗ ಅರ್ಧ ಗಂಟೆ ಹೋಗಿತ್ತು. ಲೆಕ್ಕ ಮೊದಲಿನಿಂದ ಹಿಡಿದಿದ್ದರೆ ಸೇಸಪ್ಪ ಮಧ್ಯಾಹ್ನ ಎರಡು ಗಂಟೆಯವರೆಗೆ ಕಾಯಬೇಕಿತ್ತು.

"ಅಕ್ಕ, ದಿಬ್ಬಣದವರು ನನ್ನನ್ನೇ ಬೇಯಿಸಿಯಾರು. ಆಯ್ತಾ?"

"ಇನ್ನೂ ಉಂಟು. ಪ್ರೆಷರ್ ಬಿದ್ದಿದೆ."

"ನಿಮ್ಮ ಉಗುರು ಎಂತ ಹೇಳ್ತದೆ?"

"ಚೇಟ ಬರಲಿ."

"ಓಹೋ! ಚೇಟ ಇಲ್ಲದಿದ್ರೆ ಉಗುರಿಗೂ ರಜೆಯಾ?"

ಅಲ್ಲಿದ್ದವರು ನಕ್ಕರು. ನಾನು ಎದ್ದು ಹೋಗಿ ಅಚ್ಚಿನ ತುಟಿಯ ಎಲೆಗೆ ಉಗುರು ಒತ್ತಿದೆ. ಗುರುತು ಮಾಯವಾಯಿತು. ಅಚ್ಚು ತೆರೆದೆ. ಭುಜಕ್ಕೆ ಒತ್ತಿ ನೋಡಲಿಲ್ಲ. ಮರೆತದ್ದಲ್ಲ. ಒತ್ತಿದರೆ ಗುರುತು ನಿಲ್ಲಬಹುದು ಎಂಬ ಸಂಶಯ ಇತ್ತು, ನಿಂತರೆ ಅಷ್ಟು ಜನರ ಎದುರು ಪುನಃ ಅಚ್ಚು ಮುಚ್ಚಬೇಕಿತ್ತು. ಅದಕ್ಕೆ ಒತ್ತಲಿಲ್ಲ. ಇದನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ಚಾಕ್ ತೆಗೆದು ಓಕೆ ಎಂದು ಬರೆದೆ.

ಜೀಪು ಅರಂತೋಡಿಗೆ ಮುಟ್ಟಲಿಲ್ಲ. ದಾರಿಯ ತಿರುವಿನಲ್ಲಿ ಪಟ್ಟಿ ಟಯರಿನಿಂದ ಸುಲಿದು ಬಂತು. ಜೀಪು ಚರಂಡಿಗೆ ಮಗುಚಿತು. ಒಳಗೆ ಸೇಸಪ್ಪ ಒಬ್ಬನೇ. ಬಲಗಾಲು ಅಡಿಗೆ ಸಿಕ್ಕಿ ಮೊಣಕಾಲು ಪುಡಿಯಾಯಿತು.

ಮರುದಿನ ಜೀಪಿನ ಧಣಿಯ ಕಡೆಯವರು ಸುಲಿದ ಪಟ್ಟಿಯನ್ನು ತಂದು ಶೆಡ್ಡಿನ ನೆಲಕ್ಕೆ ಎಸೆದು ಹೋದರು. ಅದರ ಅಂಚಿಗೆ ಅಂಟಿಕೊಂಡು ಬಂದ ಬದಿಯ ತುಂಡಿನಲ್ಲಿ 'ಕು' ಎದ್ದು ಕಾಣುತ್ತಿತ್ತು. ಎಲ್ಲರೂ ಊಟಕ್ಕೆ ಹೋದಾಗ ನಾನು ಪಟ್ಟಿಯ ಒಳಬದಿಗೆ, ಭುಜದ ದಪ್ಪ ಜಾಗಕ್ಕೆ, ಹೆಬ್ಬೆರಳ ಉಗುರು ಒತ್ತಿದೆ. ಗುರುತು ಬಿತ್ತು. ಅಲ್ಲೇ ನಿಂತಿತು. ಹಸಿ.

ತಲೆ ಎತ್ತಿದರೆ ಚೇಟ ನಿಂತಿದ್ದರು. ಬಗ್ಗಿ, ನನ್ನ ಗುರುತಿನ ಪಕ್ಕದಲ್ಲೇ ತಮ್ಮ ಉಗುರು ಒತ್ತಿದರು. ಅದೂ ನಿಂತಿತು. ನನ್ನ ಕೈಯನ್ನು ಒಮ್ಮೆ ನೋಡಿದರು. ನಾನು ಸೀರೆಯ ಸೆರಗಿನೊಳಗೆ ಕೈ ಸೇರಿಸಿದೆ.

ಹಾಜಿಯವರು ಬಂದು, "ಯಾರ ಕೈ ಇದು?" ಎಂದು ಕೇಳಿದರು.

ಆ ಹೊತ್ತಿಗೆ ಬಾಯಿ ತೆರೆಯಬೇಕಿತ್ತು. ಮನೆಯಲ್ಲಿ ಎರಡು ಮಕ್ಕಳು, ಈ ಕೆಲಸ ಹೋದರೆ ಇನ್ನೆಲ್ಲಿ ಎಂದು ಯೋಚಿಸಿದೆ. ಯೋಚಿಸಿದ್ದು ಸುಳ್ಳಲ್ಲ. ಆದರೆ ಅದಕ್ಕಿಂತ ದೊಡ್ಡದು ಉಗುರಿನ ಹೆಸರು ಹೋಗುತ್ತದೆ ಎಂಬುದೇ.

ಚೇಟ ಹೇಳಿದರು, "ಕೈ ಯಾರದ್ದಾದ್ರೆ ಎಂತ ಹಾಜಿಯಾರೆ? ಅಚ್ಚು ನನ್ನದು. ಅಕ್ಷರವೂ ನನ್ನದೇ ಉಂಟಲ್ಲ."

ಎರಡು ದಿನ ಬಿಟ್ಟು ಪುತ್ತೂರಿನ ಆಸ್ಪತ್ರೆಗೆ ಹೋದೆವು. ಹಾಜಿಯವರು, ನಾನು, ಚೇಟ. ಚೇಟ ದಾರಿಯಲ್ಲಿ ಇಳಿದು ಕಿತ್ತಳೆ ತೆಗೆದುಕೊಂಡರು. ಸೇಸಪ್ಪನ ಕಾಲು ಮೇಲಕ್ಕೆ ಕಟ್ಟಿದ್ದರು. ಚೇಟನನ್ನು ಕಂಡದ್ದೇ ಅವನ ಮುಖ ಕಪ್ಪಾಯಿತು.

"ಬಂದಿರಾ? ಇನ್ನೊಂದು ಕಾಲು ಉಂಟು, ಅದನ್ನೂ ತೆಗೊಂಡು ಹೋಗಿ."

"ಸೇಸಪ್ಪ, ಸುಮ್ಮನಿರು," ಎಂದರು ಹಾಜಿಯವರು.

"ಎಂತ ಸುಮ್ಮನಿರುದು? ವಾಲ್ವ್ ತರ್ಲಿಕ್ಕೆ ಇವರಿಗೆ ಅದೇ ದಿನ ಬೇಕಿತ್ತಾ? ಈ ಅಕ್ಕ ಪಾಪ, ಪ್ರೆಷರ್ ಬಿದ್ದಿದೆ, ಚೇಟ ಬರಲಿ ಅಂತ ಹೇಳಿದ್ದಾರೆ. ಒಲೆ ಸರಿ ಇಲ್ಲದೆ ಟಯರು ಹಾಕಿ ಹೋದವರು ಇವರು!"

ಕಿತ್ತಳೆಯ ಪ್ಲಾಸ್ಟಿಕ್ ತೊಟ್ಟೆಯನ್ನು ತಳ್ಳಿದ. ಹಣ್ಣುಗಳು ಮಂಚದ ಅಡಿಗೆ ಉರುಳಿದವು. ಚೇಟ ಹೊರಗೆ ಹೋಗಿ ನಿಂತರು. ನಾನು ನೆಲದಲ್ಲಿ ಕೂತು ಕಿತ್ತಳೆ ಹೆಕ್ಕಿದೆ. ಏಳು ಇದ್ದವು. ಪಾಪದ ಅಕ್ಕನಾಗಿ ಎಲ್ಲವನ್ನೂ ಹೆಕ್ಕಿ ಕಪಾಟಿನ ಮೇಲೆ ಇಟ್ಟೆ.

ತಿಂಗಳೊಳಗೆ ಚೇಟ ಕೆಲಸವನ್ನೂ ನೆಲ್ಯಾಡಿಯನ್ನೂ ಬಿಟ್ಟರು. ಡ್ರೈವರುಗಳು 'ಕು' ಇದ್ದ ಟಯರು ಬೇಡ ಎನ್ನತೊಡಗಿದ್ದರು. ಹೊರಡುವ ದಿನ ಅಚ್ಚಿನಿಂದ ತಗಡಿನ ಅಕ್ಷರವನ್ನು ಅವರೇ ಕಳಚಿ ಜೇಬಿಗೆ ಹಾಕಿಕೊಂಡರು. "ಭುಜ ನೋಡು ಮೋಳೆ," ಎಂದರು. ಅವರ ಜಾಗದಲ್ಲಿ ಹಾಜಿಯವರು ನನ್ನನ್ನು ಕೂರಿಸಿದರು, ಅಚ್ಚಿನಲ್ಲಿ 'ದೇ' ಬಂತು. ಆಮೇಲಿನ ವರ್ಷಗಳಲ್ಲಿ ನನ್ನ ಅಕ್ಷರದ ಒಂದು ಟಯರೂ ಸುಲಿಯಲಿಲ್ಲ. ಪ್ರತಿಯೊಂದಕ್ಕೂ ಭುಜದಲ್ಲಿ ಮೂರು ಕಡೆ ಒತ್ತಿ ನೋಡಿದ್ದೇನೆ. ಅದನ್ನು ಹೇಳಿ ಜಂಬ ಮಾಡುವ ಹಕ್ಕು ನನಗಿಲ್ಲ.

ಕೆಲಸದ ರೀತಿ ಬದಲಾಯಿತು. ಬೆಂದೇ ಬರುವ ಪಟ್ಟಿ ಬಂತು. ಅದನ್ನು ಟಯರಿಗೆ ಸುತ್ತಿ, ನಡುವೆ ತೆಳುವಾದ ಕಚ್ಚಾ ಪದರ ಇಟ್ಟು, ದೊಡ್ಡ ಡ್ರಮ್ಮಿನಂಥ ಪೆಟ್ಟಿಗೆಯಲ್ಲಿ ಬೇಯಿಸುವುದು. ಹೊತ್ತಾದ ಕೂಡಲೇ ಗಂಟೆ ಹೊಡೆಯುತ್ತದೆ, ಉಗುರು ಬೇಡ. ಬಿಸಿ ಕಡಿಮೆಯಾದರೆ ಯಂತ್ರವೇ ಲೆಕ್ಕ ನಿಲ್ಲಿಸುತ್ತದೆ. ಹಳಬರು ಅದನ್ನು ಬೈದರು. ನಾನು ಬೈಯಲಿಲ್ಲ. ಆ ಯಂತ್ರಕ್ಕೆ ಯಾರ ನಗುವೂ ಕೇಳಿಸುವುದಿಲ್ಲ. ನಂತರ ಟ್ಯೂಬ್ ಇಲ್ಲದ ಟಯರು ಬಂತು, ಜೀಪಿನವರು ಹೊಸ ಟಯರೇ ಹಾಕಿಸತೊಡಗಿದರು, ಹಾಜಿಯವರು ತೀರಿಕೊಂಡರು, ಶೆಡ್ಡು ಮುಚ್ಚಿತು. ಚೇಟ ತೀರಿಕೊಂಡ ಸುದ್ದಿ ಅದಕ್ಕೂ ಮೊದಲೇ ಬಂದಿತ್ತು. ಅವರ ಮನೆಗೆ ಹೋಗಲು ಎರಡು ಸಲ ಬಸ್ ಸ್ಟ್ಯಾಂಡಿನವರೆಗೆ ಹೋಗಿ ತಿರುಗಿ ಬಂದೆ.

ಪಟ್ಟಿಯ ಆ ತುಂಡನ್ನು ನಾನು ಅಂದೇ ಕತ್ತರಿಸಿ ಮನೆಗೆ ತಂದಿದ್ದೆ, ಬೇರೆ ಯಾರೂ ಒತ್ತಿ ನೋಡಬಾರದು ಎಂದು. ಬಚ್ಚಲಿನ ಅಟ್ಟದಲ್ಲಿ ಬಿದ್ದಿತ್ತು. ಈ ಬರಹ ಶುರು ಮಾಡಿದ ಮೇಲೆ, ಓದುವವರಿಗಿಂತ ಮೊದಲು ಸೇಸಪ್ಪನಿಗೆ ಗೊತ್ತಾಗಬೇಕು ಅನ್ನಿಸಿತು. ತುಂಡನ್ನು ಚೀಲದಲ್ಲಿ ಹಾಕಿಕೊಂಡು ಪಂಜಕ್ಕೆ ಹೋದೆ. ಅವನಿಗೆ ಅಲ್ಲಿ ಸಣ್ಣ ಗೂಡಂಗಡಿ ಉಂಟು. ಮಡಚಲಾಗದ ಕಾಲನ್ನು ಒಂದು ಡಬ್ಬದ ಮೇಲೆ ಚಾಚಿ ಕೂತಿದ್ದ.

"ಓ, ದೇವಕಿಯಕ್ಕ! ಎಂತ, ದಾರಿ ತಪ್ಪಿತಾ?"

"ದಾರಿ ಸರಿ ಉಂಟು. ನಿನ್ನ ಹತ್ರವೇ ಬಂದದ್ದು."

"ಕೂತ್ಕೊಳ್ಳಿ. ಚಾ ತರಿಸ್ತೇನೆ."

"ಮೊದಲು ಕೇಳು. ಚಾ ಕೊಡುದಾ ಬೇಡವಾ ಅಂತ ಮತ್ತೆ ಹೇಳು."

ಭುಜಕ್ಕೆ ಬೇಕೆಂದೇ ಒತ್ತದೆ ಬಿಟ್ಟದ್ದನ್ನೂ ಸೇರಿಸಿ ಎಲ್ಲ ಹೇಳಿದೆ. ನಡುವೆ ಯಾರೋ ಬೀಡಿ ಕೇಳಿದರು, ಕೊಟ್ಟ.

"ಅವಸರ ಮಾಡಿದ್ದು ನಾನೇ ಅಲ್ವಾ," ಎಂದ ಕೊನೆಗೆ.

"ಅವಸರ ಮಾಡಿದ್ದು ನೀನು. ತೆಗೆದದ್ದು ನಾನು."

"ಆಗ ಯಾಕೆ ಹೇಳ್ಲಿಲ್ಲ?"

"ಮೊದಲು ಹೆದರಿಕೆ. ಮತ್ತೆ ಅಭ್ಯಾಸ ಆಯ್ತು."

ಚೀಲದಿಂದ ತುಂಡನ್ನು ತೆಗೆದು ಕೊಟ್ಟೆ. ಡ್ರೈವರನಲ್ಲವೇ, ಕೈ ತಾನಾಗಿ ಉಗುರು ಒತ್ತಿತು. "ಇದು ಬೆಂದಿದೆ ಅಲ್ವಾ ಅಕ್ಕ? ಕಲ್ಲಿನ ಹಾಗೆ ಉಂಟು."

"ಈಗ ಬೆಂದಿದೆ. ಇಷ್ಟು ವರ್ಷ ಇಟ್ಟದ್ದಲ್ವಾ. ತಿರುಗಿಸಿ ನೋಡು."

ತಿರುಗಿಸಿದ. ಎರಡು ಗುರುತುಗಳು ಹಾಗೇ ಗಟ್ಟಿಯಾಗಿ ನಿಂತಿದ್ದವು.

"ಸಣ್ಣದು ನನ್ನದು. ದೊಡ್ಡದು ಚೇಟನದ್ದು, ನಡುವಿನಲ್ಲಿ ಸೀಳು ಉಂಟು ನೋಡು."

"ಅವರು ಯಾವಾಗ ಒತ್ತಿದ್ದು?"

"ಪಟ್ಟಿ ಶೆಡ್ಡಿಗೆ ಬಂದ ದಿನ. ಆಸ್ಪತ್ರೆಗೆ ಬರುವ ಮೊದಲು."

ಸೇಸಪ್ಪ ಆ ದೊಡ್ಡ ಗುರುತಿನ ಮೇಲೆ ಹೆಬ್ಬೆರಳು ಇಟ್ಟುಕೊಂಡು ಕೂತ.

"ಹಾಗಾದ್ರೆ ನಿಮ್ಮ ಕೈ ಅಂತ ಅವರಿಗೆ ಗೊತ್ತಿತ್ತು."

"ಗೊತ್ತಿತ್ತು."

"ಗೊತ್ತಿದ್ದೂ ಕಿತ್ತಳೆ ತಂದ್ರಾ, ಅಕ್ಕ?"

ನಾನು ಹೌದು ಎಂದೆ. ಚಾ ಬರಲಿಲ್ಲ. ಬಸ್ಸಿಗೆ ಏಳುವಾಗ ತುಂಡು ಅವನ ಕೈಯಲ್ಲೇ ಇತ್ತು. ಅವನು ಕೊಡಲಿಲ್ಲ, ನಾನು ಕೇಳಲಿಲ್ಲ.